ಸೊನ್ನೆಯಿಂದ ಮೂರು ಗೆರೆ ಆಚೆ

ನಾನು ಒಂದು ತೂಕದ ಯಂತ್ರ. ಅಂಗಡಿಯಲ್ಲಿ ಕೂರುವ ಜಾತಿಯಲ್ಲ, ತೊಲೆಗೆ ನೇತಾಡುತ್ತ ಮಕ್ಕಳನ್ನು ತೂಗುವ ಜಾತಿ. ಕೊಲ್ಹಾಪುರದ ಕಡೆಯ ಒಂದು ಚಿಕ್ಕ ಕಾರ್ಖಾನೆಯಲ್ಲಿ, ತಗಡು ಬಡಿಯುವ ಸದ್ದಿನ ನಡುವೆ ಹುಟ್ಟಿದೆ. ದುಂಡನೆಯ ಬಿಳಿ ಮುಖ, ಅದರ ಸುತ್ತ ಸಾಲಾಗಿ ಕಪ್ಪು ಗೆರೆಗಳು, ನಡುವೆ ಒಂದು ಕೆಂಪು ಮುಳ್ಳು. ತಲೆಯ ಮೇಲೊಂದು ಕೊಕ್ಕೆ, ಕಾಲಡಿ ಇನ್ನೊಂದು. ಹೊಟ್ಟೆಯೊಳಗೆ ಒಂದು ಸ್ಪ್ರಿಂಗ್. ಒಂದು ಗೆರೆಗೆ ನೂರು ಗ್ರಾಂ. ಇಪ್ಪತ್ತೈದು ಕಿಲೊದವರೆಗೆ ನನ್ನ ವಿದ್ಯೆ; ಅದರಾಚೆ ನನ್ನನ್ನು ಕೇಳಬೇಡಿ.

ಹೊರಗೆ ಕಳಿಸುವ ಮೊದಲು ಒಬ್ಬ ಮುದುಕ ಮಿಸ್ತ್ರಿ ಐದು ಕಿಲೊದ ಕಬ್ಬಿಣದ ಗುಂಡನ್ನು ನನಗೆ ತೂಗುಹಾಕಿದ. ಮುಳ್ಳು ನೇರವಾಗಿ ಐದರ ಮೇಲೆ ಹೋಗಿ ನಿಂತಿತು. ಅವನು ಮೂರು ಸಲ ತೆಗೆದು ಮೂರು ಸಲ ಹಾಕಿದ. ಮೂರು ಸಲವೂ ಐದೇ. ಆತ ನನ್ನ ಬೆನ್ನು ತಟ್ಟಿ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸಿದ. ಅಂದಿನಿಂದ ನನಗೆ ಜಂಬ. ಸುಳ್ಳು ಹೇಳುವವರು ಬೇರೆ, ನಾನು ಬೇರೆ ಎಂದುಕೊಂಡೇ ಬೆಳೆದೆ. ಆ ಜಂಬ ಇಳಿಯಲು ಹದಿನೈದು ವರ್ಷ ಹಿಡಿಯಿತು. ಇಳಿಸಿದ್ದು ಮೂರು ತುಂಡು ಹಳೆಯ ಕಬ್ಬಿಣ.

ಮೊದಲು ನಾನು ಹೋದದ್ದು ಒಂದು ಆರೋಗ್ಯ ಕೇಂದ್ರಕ್ಕೆ; ಅದರ ಹೆಸರು ಹೇಳುವ ಮನಸ್ಸಿಲ್ಲ. ಹೆರಿಗೆ ಕೋಣೆಯ ಮೂಲೆಯಲ್ಲಿ ನನ್ನನ್ನು ತೂಗುಹಾಕಿದರು. ಆಗತಾನೆ ಹುಟ್ಟಿದ ಕೂಸುಗಳನ್ನು ಬಟ್ಟೆಯ ಜೋಲಿಯಲ್ಲಿಟ್ಟು ನನ್ನ ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ಅಲ್ಲಿನ ನರ್ಸಮ್ಮ ಕೆಟ್ಟವಳೇನಲ್ಲ, ಅವಳ ಕೈ ಬಲು ಮೃದು. ಆದರೆ ಕೂಸು ಎರಡೂವರೆ ಕಿಲೊಗಿಂತ ಕಡಿಮೆ ಇದ್ದರೆ ಮೇಲಿನವರಿಗೆ ಬೇರೆ ವರದಿ ಬರೆಯಬೇಕು, ಯಾಕೆ ಕಡಿಮೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಹಾಗಾಗಿ ನಾನು ಎರಡು ಕಿಲೊ ಮುನ್ನೂರು ಎಂದು ತೋರಿಸಿದರೂ ಅವಳು ಪಕ್ಕದವಳಿಗೆ, “ಎರಡೂವರಿ ಅಂತ ಬರ್ಕೋಳವ್ವಾ” ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಹೇಳುವುದು ಒಂದು, ಕಾಗದದ ಮೇಲೆ ಇಳಿಯುವುದು ಇನ್ನೊಂದು! ತಪ್ಪು ಯಾವತ್ತೂ ಮನುಷ್ಯರದೇ ಎಂದು ಆಗಲೇ ತೀರ್ಮಾನ ಮಾಡಿಬಿಟ್ಟೆ.

ಕರೆಂಟಿನ ಯಂತ್ರಗಳು ಬಂದ ಮೇಲೆ ಅಲ್ಲಿ ನನಗೆ ಕೆಲಸ ಉಳಿಯಲಿಲ್ಲ. ಧಾರವಾಡದ ಕಡೆಯ ಒಂದು ಗೃಹವಿಜ್ಞಾನ ಕಾಲೇಜಿನ ಉಗ್ರಾಣ ಸೇರಿದೆ. ಮೂರು ವರ್ಷ ಕೆಟ್ಟ ಒಲೆಗಳ ಪಕ್ಕ ಧೂಳು ತಿಂದೆ. ನಾಲ್ಕನೆಯ ವರ್ಷ ಒಬ್ಬಳು ಬಂದು ತನ್ನ ಓಢಣಿಯಿಂದ ನನ್ನ ಮುಖ ಒರೆಸಿದಳು. ಅವಳೇ ನೀಲಾಂಬಿಕಾ ಹೊಸಕೇರಿ, ಪಿಎಚ್.ಡಿ. ಮಾಡುತ್ತಿದ್ದವಳು. ಗುಂಡು ತೂಗುಹಾಕಿದಳು. ಐದಕ್ಕೆ ಐದೇ. “ಕರೆಂಟಿಲ್ಲದ ಊರಿಗೆ ನೀನೇ ಬೇಕು ನೋಡು” ಎಂದು ನಕ್ಕಳು. ಆ ಹುಡುಗಿಯ ಮೇಲೆ ನನಗೆ ಅಂದೇ ಪ್ರೀತಿ ಹುಟ್ಟಿತು.

ಅವಳ ಕೆಲಸ ಇಷ್ಟು. ಹಿರೇಹೊಂಡ ಮತ್ತು ಮುದಕಟ್ಟಿ ಎಂಬ ಎರಡು ಹಳ್ಳಿಗಳು. ಹಿರೇಹೊಂಡದ ಅಂಗನವಾಡಿಯ ಮಕ್ಕಳಿಗೆ ವರ್ಷವಿಡೀ ದಿನಕ್ಕೊಂದು ನವಣೆಯ ಉಂಡೆ. ಮುದಕಟ್ಟಿಯ ಮಕ್ಕಳಿಗೆ ಎಂದಿನಂತೆ ಬೇಯಿಸಿದ ಕಾಳು. ಮೂರು ತಿಂಗಳಿಗೊಮ್ಮೆ ಎರಡೂ ಕಡೆಯ ಮಕ್ಕಳನ್ನು ತೂಗುವುದು. ಉಂಡೆ ತಿಂದವರ ತೂಕ ಹೆಚ್ಚು ಏರಿತೇ ಎಂದು ನೋಡುವುದು. ಏರಿದರೆ ಅದನ್ನು ಲೇಖನವಾಗಿ ಬರೆದು ಒಂದು ಜರ್ನಲ್‌ಗೆ ಕಳಿಸಬೇಕು. ಜರ್ನಲ್ ಒಪ್ಪಿದ ಮೇಲೆಯೇ ವಿಶ್ವವಿದ್ಯಾಲಯ ಅವಳ ಪ್ರಬಂಧವನ್ನು ಮುಟ್ಟುವುದು. ಅವಳಿಗಿದ್ದ ಕಾಲಾವಕಾಶ ಆರು ವರ್ಷ, ಅದರಲ್ಲಿ ನಾಲ್ಕು ಆಗಲೇ ಮುಗಿದಿದ್ದವು.

ಜೋಲಿಗಳು ಎರಡು, ಒಂದೊಂದು ಹಳ್ಳಿಗೆ ಒಂದೊಂದು. ಅವು ಅಲ್ಲಲ್ಲೇ ಇರುತ್ತಿದ್ದವು. ಮೊದಲ ದಿನವೇ ನೀಲಾ ಎರಡನ್ನೂ ತೂಗಿದಳು. ತಲಾ ಇನ್ನೂರು ಗ್ರಾಂ. ಆಮೇಲೆ ಬರೀ ಕೊಕ್ಕೆಯಲ್ಲಿ ಮುಳ್ಳನ್ನು ಸೊನ್ನೆಗೆ ನಿಲ್ಲಿಸಿ, ಮಗುವನ್ನು ತೂಗಿ, ಜೋಲಿಯ ಇನ್ನೂರನ್ನು ಕಾಗದದ ಮೇಲೆ ಕಳೆಯುತ್ತಿದ್ದಳು. ಹಿರೇಹೊಂಡದ ಅಂಗನವಾಡಿಯ ಸ್ವಂತ ಯಂತ್ರ ಕೆಟ್ಟು ಹೋಗಿದ್ದರಿಂದ ಅಲ್ಲಿನ ಟೀಚರಮ್ಮ ನೀಲಾ ಬರೆದದ್ದನ್ನೇ ತಮ್ಮ ದಾಖಲೆಗೂ ಇಳಿಸಿಕೊಳ್ಳುತ್ತಿದ್ದರು. ಈ ಮಾತನ್ನು ನೆನಪಿಡಿ.

ಮಕ್ಕಳನ್ನು ಎತ್ತಿ ಜೋಲಿಯಲ್ಲಿ ಕೂರಿಸುತ್ತಿದ್ದವಳು ಅಲ್ಲಿನ ಆಯಾ ಫಕೀರವ್ವ. ಐವತ್ತು ದಾಟಿದ ಹೆಂಗಸು, ಹಣೆಯಲ್ಲಿ ದೊಡ್ಡ ಕುಂಕುಮ, ಬಾಯಿ ಜೋರು. ಅವಳ ಮೊಮ್ಮಗಳು ಹುಲಿಗೆವ್ವ ಕೂಡ ಅದೇ ಅಂಗನವಾಡಿಯ ಕೂಸು. ನನಗೆ ನೇತುಬಿದ್ದಾಗ ಉಳಿದ ಮಕ್ಕಳು ಕಿರುಚಿದರೆ ಅವಳು ನನ್ನ ಮುಳ್ಳು ನೋಡುತ್ತ ಕಿಲಕಿಲ ನಗುತ್ತಿದ್ದಳು.

ಮೊದಲ ತೂಕವಾಗಿ ನಾಲ್ಕು ದಿನಕ್ಕೆ ಒಂದು ಮಗುವಿಗೆ ಜ್ವರ ಬಂತು, ತಲೆಗೇರಿತು. ಎಂಟು ದಿನ ದವಾಖಾನೆಯಲ್ಲಿಟ್ಟರು. ಮಗು ಉಳಿಯಿತು, ಆದರೆ ಊರಲ್ಲಿ ಮಾತು ಹಬ್ಬಿತು. ಸಂತೆಯ ಸರಕಿನ ಹಾಗೆ ಕೂಸನ್ನು ತೂಗಿದ್ದಕ್ಕೇ ದೃಷ್ಟಿ ತಗುಲಿತು ಎಂದು. ಮೂರು ತಿಂಗಳ ಮೇಲೆ ನಾವು ಹೋದಾಗ ಒಬ್ಬ ತಾಯಿಯೂ ಮಗುವನ್ನು ಕೊಡಲಿಲ್ಲ. ನೀಲಾ ಮನೆಮನೆಗೆ ತಿರುಗಿ ಬೇಡಿಕೊಂಡಳು. ಕೊನೆಗೆ ಅಂಗನವಾಡಿಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟಳು. ಫಕೀರವ್ವ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು.

“ಅಳಬ್ಯಾಡ್ರಿ ಅಕ್ಕಾರ. ಒಂದ ವಾರ ಬಿಟ್ಟು ಬರ್ರಿ. ಎಲ್ಲಾರನ್ನೂ ನಾ ಕರೀತೇನಿ.”

ಒಂದು ವಾರ ಬಿಟ್ಟು ಹೋದೆವು. ಏನಾಶ್ಚರ್ಯ, ಮೂವತ್ತೆಂಟು ಮಕ್ಕಳೂ ಹಾಜರು! ನೀಲಾಳ ಮುಖ ಅರಳಿತು. ಫಕೀರವ್ವ ಮಗುವನ್ನು ಜೋಲಿಯಲ್ಲಿಟ್ಟು ನನಗೆ ಸಿಕ್ಕಿಸಿದಳು. ನನಗೆ ಆಗಲೇ ಗೊತ್ತಾಯಿತು. ಮಗುವಿನ ಜೊತೆ ಇನ್ನೇನೋ ಇದೆ. ತಣ್ಣಗಿನದು, ಅಲುಗದ್ದು, ಸರಿಯಾಗಿ ಮೂರು ಗೆರೆಯಷ್ಟು. ಆದರೆ ನನ್ನನ್ನು ಯಾರು ಕೇಳುತ್ತಾರೆ? ನನಗೆ ನೇತುಹಾಕಿದ್ದನ್ನೆಲ್ಲ ಕೂಡಿಸಿ ಹೇಳುವುದು ನನ್ನ ಕೆಲಸ. ಎಷ್ಟು ಮಗು, ಎಷ್ಟು ಬೇರೆ ಎಂದು ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ನೀಲಾಳ ಕಣ್ಣು ನನ್ನ ಮುಖದ ಮೇಲೆ, ಕೈ ಕಾಗದದ ಮೇಲೆ. ಜೋಲಿಯನ್ನು ಅವಳು ಮುಟ್ಟಲಿಲ್ಲ. ಆ ಸಲವೂ ಇಲ್ಲ, ಮುಂದಿನ ಮೂರು ಸಲವೂ ಇಲ್ಲ.

ವರ್ಷ ಕಳೆಯಿತು. ಸಂಶೋಧನಾ ವಿದ್ಯಾರ್ಥಿಗಳ ಕೋಣೆಯಲ್ಲಿ ನೀಲಾಳ ಮೇಜಿನ ಮೇಲಿನ ಮೊಳೆಗೆ ನನ್ನನ್ನು ನೇತುಹಾಕಿದ್ದಳು. ಅಲ್ಲಿಂದಲೇ ಎಲ್ಲವನ್ನೂ ಕಂಡೆ. ಲೆಕ್ಕ ಮುಗಿಸಿದ ದಿನ ಅವಳು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಹಿರೇಹೊಂಡದ ಮಕ್ಕಳು ಮುದಕಟ್ಟಿಯ ಮಕ್ಕಳಿಗಿಂತ ಸರಾಸರಿ ಮುನ್ನೂರ ಹತ್ತು ಗ್ರಾಂ ಹೆಚ್ಚು ಏರಿದ್ದರು. ಅವಳ ಗೈಡ್ ಇನಾಮದಾರ ಮೇಡಂ ಪೇಢೆ ತರಿಸಿದರು. ನಲವತ್ತು ಅಂಗನವಾಡಿಗಳಲ್ಲಿ ಕಾಳಿನ ಬದಲು ಇದೇ ಉಂಡೆ ಕೊಡಿಸುವ ಮಾತೂ ಶುರುವಾಯಿತು.

ಆಮೇಲೆ ಲೇಖನ ಬರೆಯುವ ಕಷ್ಟ. ಒಂದೊಂದು ವಾಕ್ಯವನ್ನು ಹತ್ತು ಸಲ ಬದಲಿಸಿದಳು. ಬೇರೆಯವರ ಲೇಖನದಿಂದ ತೆಗೆದುಕೊಂಡ ಪ್ರತಿ ಮಾತಿಗೂ ಅವರ ಹೆಸರು ಬರೆದಳು. ಒಂದು ಲೇಖನವನ್ನು ಒಂದೇ ಜರ್ನಲ್‌ಗೆ ಕಳಿಸಬೇಕು, ಅವರು ಇಲ್ಲವೆಂದ ಮೇಲೆಯೇ ಇನ್ನೊಂದಕ್ಕೆ ಎಂಬ ನಿಯಮವಿದೆಯಂತೆ. ಪಕ್ಕದ ಮೇಜಿನವಳು ಮೂರಕ್ಕೆ ಒಟ್ಟಿಗೇ ಕಳಿಸಿ ಕೂತಿದ್ದರೂ ಇವಳು ಹಾಗೆ ಮಾಡಲಿಲ್ಲ. ಆದರೆ ಲೇಖಕರ ಸಾಲಿನಲ್ಲಿ ವಿಭಾಗದ ಮುಖ್ಯಸ್ಥರ ಹೆಸರು ಸೇರಿಸು ಎಂದು ಮೇಡಂ ಹೇಳಿದಾಗ ತುಟಿ ಕಚ್ಚಿಕೊಂಡು ಸೇರಿಸಿದಳು. ಆ ಮುಖ್ಯಸ್ಥರು ಹಿರೇಹೊಂಡ ಯಾವ ದಿಕ್ಕಿಗಿದೆ ಎಂದೂ ಕೇಳಿದವರಲ್ಲ. ಕೊನೆಯ ಹಾಳೆಯಲ್ಲಿ, ಇದರೊಳಗಿನ ಅಂಕಿಗಳೆಲ್ಲ ಸತ್ಯ ಎಂಬ ಮಾತಿನ ಕೆಳಗೆ ಮೂವರ ಸಹಿ ಬಿತ್ತು. ಓದಿ ಸಹಿ ಮಾಡಿದವರು ಇಬ್ಬರು.

ನಾಲ್ಕು ತಿಂಗಳಾದ ಮೇಲೆ ಜರ್ನಲ್‌ನಿಂದ ಪತ್ರ ಬಂತು. ಆ ವಿಷಯ ಬಲ್ಲ ಇಬ್ಬರು ತಮ್ಮ ಹೆಸರು ತಿಳಿಸದೆ ಲೇಖನ ಓದಿ ಅಭಿಪ್ರಾಯ ಬರೆಯುತ್ತಾರಂತೆ. ಇಬ್ಬರೂ ಮೆಚ್ಚಿದ್ದರು. ಒಬ್ಬರು ಮಾತ್ರ ಒಂದು ಸಣ್ಣ ಪ್ರಶ್ನೆ ಕೇಳಿದ್ದರು: ಯಂತ್ರ ಮತ್ತು ಜೋಲಿಯ ತೂಕವನ್ನು ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಿದಿರಿ? ಎರಡರ ಫೋಟೊವನ್ನೂ ಕಳಿಸಿ. ಇಷ್ಟಕ್ಕೆ ಉತ್ತರ ಕೊಟ್ಟರೆ ಲೇಖನ ಸ್ವೀಕಾರವಾದಂತೆಯೇ. ಆಗ ಫೆಬ್ರವರಿ. ಅವಳ ಆರು ವರ್ಷ ಮುಗಿಯುವುದು ಮಾರ್ಚ್ ಕೊನೆಗೆ.

ಫೋಟೊಕ್ಕೆಂದು ನೀಲಾ ಹಿರೇಹೊಂಡದ ಟೀಚರಮ್ಮನಿಗೆ ಫೋನ್ ಮಾಡಿ, ಜೋಲಿಯನ್ನು ಬಸ್ಸಿನವರ ಕೈಲಿ ತರಿಸಿಕೊಂಡಳು. ಕೊಳೆಯಾಗಿತ್ತು. ಪ್ರಯೋಗಾಲಯದ ಬೋಸಿಯಲ್ಲಿ ನೆನೆಹಾಕಿದಳು. ಮಧ್ಯಾಹ್ನ ನೋಡಿದರೆ ನೀರು ಕೆಂಪಗೆ, ಜೋಲಿಯ ಅಂಚಿನಲ್ಲಿ ತುಕ್ಕಿನ ಕಲೆ. ಕೈಯಾಡಿಸಿದಳು. ಅಂಚಿನ ಮಡಿಕೆಯಲ್ಲಿ ಗಟ್ಟಿಯಾಗಿ ಏನೋ. ಹೊಲಿಗೆ ಬಿಚ್ಚಿದಳು. ಎತ್ತಿನ ಕಾಲಿಗೆ ಹೊಡೆಯುವ ಮೂರು ಹಳೆಯ ಲಾಳಗಳು ಮೇಜಿನ ಮೇಲೆ ಉದುರಿದವು.

ಅವಳು ಅವನ್ನು ಒಂದು ದಾರದಲ್ಲಿ ಪೋಣಿಸಿ ನನ್ನ ಕೊಕ್ಕೆಗೆ ಹಾಕಿದಳು. ನನ್ನ ಆಯುಷ್ಯದಲ್ಲಿ ಮೊದಲ ಸಲ ಮುಳ್ಳು ಕದಲದಿದ್ದರೆ ಸಾಕು ಎನಿಸಿತು. ಆದರೆ ಮುಳ್ಳು ನನ್ನ ಮಾತು ಕೇಳುವುದಿಲ್ಲ. ಒಂದು, ಎರಡು, ಮೂರು ಗೆರೆ ದಾಟಿ ನಿಂತಿತು. ನೀಲಾ ನೆಲದ ಮೇಲೆ ಕೂತಳು.

ಮರುದಿನ ಬೆಳಿಗ್ಗೆ ನನ್ನನ್ನೂ ಲಾಳಗಳನ್ನೂ ಚೀಲದಲ್ಲಿ ಹಾಕಿಕೊಂಡು ಹಿರೇಹೊಂಡಕ್ಕೆ ಹೋದಳು. ಫಕೀರವ್ವ ಅಂಗಳ ಗುಡಿಸುತ್ತಿದ್ದಳು.

“ಫಕೀರವ್ವ, ಇವು ಜೋಲ್ಯಾಗ ಹೆಂಗ ಬಂದ್ವು?”

“ನಾನ ಹೊಲದೇನ್ರಿ ಅಕ್ಕಾರ. ಬರೇ ಕೂಸನ್ನಷ್ಟ ತೂಗಿದ್ರ ದೃಷ್ಟಿ ಆಗತೈತಿ. ಕಬ್ಬಿಣ ಜೋಡಿ ಇದ್ರ ಏನೂ ಆಗಂಗಿಲ್ಲ. ಹಂಗಂತ ಹೇಳಿದ ಮ್ಯಾಲ ನೋಡ್ರಿ ತಾಯಂದಿರು ಬಂದದ್ದು.”

“ಯಾವಾಗ ಹೊಲದ್ರಿ?”

“ನೀವು ಕಟ್ಟಿ ಮ್ಯಾಲ ಕುಂತು ಅತ್ರೆಲ್ಲಾ, ಅದರ ಮರುದಿನ. ಆಮ್ಯಾಲ ತಗದಿಲ್ಲ.”

“ನನಗ ಯಾಕ ಹೇಳಲಿಲ್ಲ?”

ಫಕೀರವ್ವ ಸೆರಗು ತಿರುವುತ್ತ ನಾಚಿಕೊಂಡಳು. “ನೀವು ಓದಿದವ್ರು. ನಗತೀರಿ ಅಂತ ಹೇಳಲಿಲ್ರಿ.” ಆಮೇಲೆ ನೀಲಾಳ ಮುಖ ನೋಡಿ ಅವಳ ದನಿ ಇಳಿಯಿತು. “ಯಾಕ್ರಿ, ನನ್ನಿಂದ ಏನಾರ ಕೆಟ್ಟತೇನು?”

“ಏನಿಲ್ಲ ಫಕೀರವ್ವ, ಸುಮ್ನ ಕೇಳಿದೆ” ಎಂದಳು ನೀಲಾ. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕಾಲೇಜಿಗೆ ಬಂದು ಮೊದಲ ತೂಕ ಬಿಟ್ಟು ಉಳಿದ ನಾಲ್ಕರಲ್ಲೂ ಮುನ್ನೂರು ಗ್ರಾಂ ಕಳೆದಳು. ಉಂಡೆಯ ಮಹಿಮೆಯೆಲ್ಲ ಇಳಿದುಹೋಯಿತು. ಉಳಿದದ್ದು ಹತ್ತು ಗ್ರಾಂ. ಅದಕ್ಕೆ ನನ್ನ ಮುಖದ ಮೇಲೆ ಗೆರೆಯೇ ಇಲ್ಲ. ವರ್ಷವಿಡೀ ನಾವು ಅಳೆದದ್ದು ಎತ್ತಿನ ಲಾಳವನ್ನು.

ನನ್ನನ್ನೂ ಲಾಳಗಳನ್ನೂ ಒಯ್ದು ಇನಾಮದಾರ ಮೇಡಂ ಮೇಜಿನ ಮೇಲಿಟ್ಟಳು, ಎಲ್ಲವನ್ನೂ ಹೇಳಿದಳು. ಮೇಡಂ ಬಹಳ ಹೊತ್ತು ಕನ್ನಡಕ ಒರೆಸಿದರು.

“ನೀಲಾ, ಇದು ಯಾರ್‍ಯಾರಿಗೆ ಗೊತ್ತದ?”

“ನನಗ, ಫಕೀರವ್ವಗ. ಆದ್ರ ಅದರಿಂದ ಏನಾತು ಅಂತ ಆಕಿಗೆ ಗೊತ್ತಿಲ್ರಿ. ಈಗ ನಿಮಗ.”

“ಹಂಗಿದ್ರ ಕೇಳು. ಅವ್ರು ಕೇಳಿದ್ದು ಯಂತ್ರ ಪರೀಕ್ಷಾ ಮಾಡೀರೇನು ಅಂತ. ಮಾಡೀವಿ. ಐದು ಕಿಲೊಕ್ಕ ಐದ ತೋರಸ್ತದ. ಜೋಲಿ ತೂಗೀವಿ, ಇನ್ನೂರು ಗ್ರಾಂ. ಅಷ್ಟ ಬರಿ. ಅದರಾಗ ಸುಳ್ಳು ಎಲ್ಲದ?”

ನನಗೆ ಅವಮಾನವಾಯಿತು. ಮೇಡಂ ಹೇಳಿದ ಒಂದೊಂದು ಮಾತೂ ನಿಜ. ನಾನು ಐದಕ್ಕೆ ಐದನ್ನೇ ತೋರಿಸುವವನು. ಯಾವುದರ ಮೇಲೆ ನನಗೆ ಅಷ್ಟು ಜಂಬವಿತ್ತೋ ಅದನ್ನೇ ಸುಳ್ಳಿನ ಮೇಲೆ ಹೊದಿಸಬಹುದು ಎಂದು ನನಗೆ ತಿಳಿದೇ ಇರಲಿಲ್ಲ.

ಮೇಡಂ ಕೆಟ್ಟವರಲ್ಲ. ಅವರ ದನಿಯಲ್ಲಿ ಅಳುಕಿತ್ತು. “ಮಾರ್ಚ್ ಮುಗದ್ರ ನಿನ್ನ ಆರು ವರ್ಷ ನೀರಾಗ ಹೋದ್ವು. ಜೂನ್‌ದಾಗ ನಾ ರಿಟೈರ್ ಆಗ್ತೀನಿ. ಆಮ್ಯಾಲ ನಿನ್ನ ಯಾರು ತಗೋತಾರ? ಉಂಡಿ ತಿನಿಸೀವಿ, ವಿಷ ಅಲ್ಲ. ಯಾರಿಗೇನು ಕೇಡಾತು?”

ನೀಲಾ ನನ್ನನ್ನು ಎತ್ತಿಕೊಂಡು ಬಂದಳು. ಮೂರು ದಿನ ಜರ್ನಲ್‌ಗೆ ಕಳಿಸಬೇಕಾದ ಉತ್ತರವನ್ನು ಬರೆದಳು, ಅಳಿಸಿದಳು. ಊಟ ಬಿಟ್ಟಳು. ಊರಿನಿಂದ ಅವಳ ತಂದೆ ಫೋನ್ ಮಾಡಿ ಡಾಕ್ಟರ್ ಯಾವಾಗ ಆಗ್ತಿ ಎಂದಾಗ, ಇನ್ನೇನು ಬಂತಪ್ಪಾ ಎಂದಳು. ಕಳಿಸಿಬಿಡು ಹುಡುಗಿ ಎಂದು ನಾನೂ ಒಮ್ಮೆ ಅಂದುಕೊಂಡೆ. ಹೌದು, ನಾನೇ. ನರ್ಸಮ್ಮನ ಮೇಲೆ ಉರಿದುಬಿದ್ದವನು. ಪ್ರೀತಿಸಿದವರು ಅಳುವಾಗ ಮೂರು ಗೆರೆ ಏನು ಮಹಾ ಎನಿಸುತ್ತದೆ. ಫಕೀರವ್ವನಿಗೂ ಹಾಗೆಯೇ ಅನಿಸಿದ್ದಿರಬೇಕು.

ನಾಲ್ಕನೆಯ ದಿನ “ಯಾರಿಗೇನು ಕೇಡಾತು” ಎಂಬ ಮಾತು ಅವಳನ್ನು ಕೆಣಕಿರಬೇಕು. ಸರಾಸರಿಯನ್ನು ಬಿಟ್ಟು ಒಂದೊಂದೇ ಮಗುವಿನ ಹೆಸರು ತೆಗೆದು, ಸರಿಯಾದ ತೂಕವನ್ನು ವಯಸ್ಸಿಗೆ ಇರಬೇಕಾದ ಕನಿಷ್ಠ ತೂಕದ ಪಕ್ಕ ಬರೆಯುತ್ತ ಹೋದಳು. ಪೆನ್ನು ಒಂದು ಕಡೆ ನಿಂತಿತು. ಇನ್ನೊಂದು ಕಡೆ ನಿಂತಿತು. ಒಂಬತ್ತು ಕಡೆ ನಿಂತಿತು. ಒಂಬತ್ತು ಮಕ್ಕಳು ಕನಿಷ್ಠ ತೂಕಕ್ಕಿಂತ ಕೆಳಗಿದ್ದರು. ಟೀಚರಮ್ಮ ಇದೇ ಅಂಕಿಗಳನ್ನು ಇಳಿಸಿಕೊಂಡಿದ್ದರಲ್ಲ. ಅವರ ದಾಖಲೆಯಲ್ಲಿ ಆ ಒಂಬತ್ತೂ ಗಟ್ಟಿಮುಟ್ಟು. ಸೊರಗಿದ ಮಕ್ಕಳಿಗೆಂದು ಬರುವ ಹೆಚ್ಚಿನ ಹಾಲು, ಮೊಟ್ಟೆ, ಡಾಕ್ಟರ ತಪಾಸಣೆ ಯಾವುದೂ ಅವರಿಗೆ ಸಿಕ್ಕಿರಲಿಲ್ಲ. ಏಳನೆಯ ಹೆಸರು ಹುಲಿಗೆವ್ವ. ಕೊನೆಯ ತೂಕದ ದಿನ ಅವಳಿಗೆ ಎರಡೂವರೆ ವರ್ಷ, ಹತ್ತು ಕಿಲೊ ಬೇಕು. ಬರೆದದ್ದು ಹತ್ತು ಕಿಲೊ ಇನ್ನೂರು. ಇದ್ದದ್ದು ಒಂಬತ್ತು ಕಿಲೊ ಒಂಬೈನೂರು.

ಆ ಪಟ್ಟಿಯನ್ನೇ ಒಯ್ದು ಮೇಡಂ ಮುಂದಿಟ್ಟಳು. ಅದರ ಪಕ್ಕ ಲೇಖನವನ್ನು ಹಿಂದಕ್ಕೆ ಪಡೆಯುವ ಪತ್ರ. ಮೇಡಂ ಒಂಬತ್ತು ಹೆಸರನ್ನೂ ಬೆರಳಿಟ್ಟು ಓದಿದರು. ಪೆನ್ನು ತೆಗೆದರು. ಪತ್ರದ ಒಂದು ಸಾಲಿನ ಮೇಲೆ ತಡೆದರು.

“ಜೋಲಿ ಪರೀಕ್ಷಾ ಮಾಡದಿದ್ದದ್ದು ಸಂಶೋಧಕಿಯ ಲೋಪ ಅಂತ ಬರದೀಯಲ್ಲ. ಇದು ಆ ಆಯಾನ ತಪ್ಪಲ್ಲೇನು?”

“ಅಲ್ರಿ ಮೇಡಂ. ಆಕಿ ತನಗ ತಿಳದಂಗ ಮಕ್ಕಳನ್ನ ಕಾದಳು. ಜೋಲಿ ಒಂದ ಸಲ ತೂಗಿ ಬಿಟ್ಟಾಕಿ ನಾನು.”

ಮೇಡಂ ಸಹಿ ಮಾಡಿದರು. “ನಾ ನಿನ್ನ ವಯಸ್ಸಿನ್ಯಾಗ ಇಷ್ಟು ಗಟ್ಟಿ ಇರಲಿಲ್ಲ” ಎಂದು ಬಹಳ ಸಣ್ಣ ದನಿಯಲ್ಲಿ ಹೇಳಿ ಕಿಟಕಿಯ ಕಡೆ ತಿರುಗಿಕೊಂಡರು. ವಿಭಾಗದ ಮುಖ್ಯಸ್ಥರು ಈ ಪತ್ರಕ್ಕೂ ಓದದೆಯೇ ಸಹಿ ಹಾಕಿದರು.

ಆ ವಾರವೇ ಹಿರೇಹೊಂಡದಲ್ಲಿ ಮತ್ತೆ ತೂಕ. ಈ ಸಲ ನೀಲಾ ಖಾಲಿ ಜೋಲಿಯನ್ನು ನನಗೆ ಹಾಕಿ ಆಮೇಲೆ ಮುಳ್ಳನ್ನು ಸೊನ್ನೆಗೆ ನಿಲ್ಲಿಸಿದಳು. ತಾಯಂದಿರು ಗುಜುಗುಜು ಶುರುಮಾಡಿದರು, ಲಾಳ ಎಲ್ಲಿ ಎಂದು. ಫಕೀರವ್ವ ಯಾರ ಮಾತಿಗೂ ಕಾಯದೆ ತನ್ನ ಮೊಮ್ಮಗಳನ್ನೇ ಮೊದಲು ಎತ್ತಿ ಕೂರಿಸಿದಳು. ಹುಲಿಗೆವ್ವ ಈಗ ನಗಲಿಲ್ಲ, ಸುಮ್ಮನೆ ನನ್ನನ್ನು ನೋಡಿದಳು. ಮೂರು ತುಂಬಲು ಬಂದ ಹುಡುಗಿ, ಹತ್ತೂ ಮುಕ್ಕಾಲು ಬೇಕು. ನನ್ನ ಮುಳ್ಳು ಹತ್ತಕ್ಕೆ ಬಂದು ನಿಂತಿತು.

ಫಕೀರವ್ವನಿಗೆ ಓದಲು ಬರುವುದಿಲ್ಲ. ಆದರೆ ವರ್ಷವಿಡೀ ನನ್ನ ಮುಂದೆ ನಿಂತವಳು, ಮುಳ್ಳು ಎಲ್ಲಿ ನಿಲ್ಲುತ್ತಿತ್ತು ಎಂದು ಅವಳಿಗೆ ಗೊತ್ತು.

“ಇನ್ನೊಮ್ಮೆ ತೂಗ್ರಿ ಅಕ್ಕಾರ.”

ಇನ್ನೊಮ್ಮೆ ತೂಗಿದರು. ಹತ್ತೇ. ನೀಲಾ ಅವಳನ್ನು ಪಕ್ಕಕ್ಕೆ ಕೂರಿಸಿ ಇದ್ದದ್ದನ್ನೆಲ್ಲ ಹೇಳಿದಳು. ಫಕೀರವ್ವ ಅಳಲಿಲ್ಲ. ಮೊಮ್ಮಗಳ ತೋಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ನೋಡಿದಳು. ಎರಡು ಬೆರಳೂ ಒಂದನ್ನೊಂದು ಮುಟ್ಟಿದವು.

“ದಿನಾ ನಾನ ಎತ್ತಿ ಕುಂಡ್ರಸ್ತಿದ್ದೆ” ಎಂದಳು. “ನನ್ನ ಕೈಗೂ ಗೊತ್ತಾಗಲಿಲ್ಲಲ್ರಿ.”

ಆ ಮಾತು ನನ್ನ ಸ್ಪ್ರಿಂಗಿನಲ್ಲಿ ಇವತ್ತಿಗೂ ಸಿಕ್ಕಿಕೊಂಡಿದೆ.

ನೀಲಾಳ ಆರು ವರ್ಷ ಮಾರ್ಚ್‌ನಲ್ಲಿ ಮುಗಿದವು. ಈಗ ಯಾವುದೋ ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಸರಿಪಡಿಸಿದ ಲೇಖನವನ್ನು ಮತ್ತೆ ಬರೆದಳು. ಉಂಡೆಯಿಂದ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು, ಲಾಳದ ಕಥೆಯನ್ನೂ ಮುಚ್ಚಿಡದೆ. ಲೇಖಕರು ಇಬ್ಬರೇ. ಕೊನೆಯಲ್ಲಿ ಕೃತಜ್ಞತೆ ಫಕೀರವ್ವನಿಗೆ. ಏನೂ ಕಾಣಲಿಲ್ಲ ಎನ್ನುವ ಲೇಖನ ಯಾರಿಗೆ ಬೇಕು? ಎರಡು ಜರ್ನಲ್‌ಗಳು ಹಿಂದಕ್ಕೆ ಕಳಿಸಿವೆ. ಈಗ ಮೂರನೆಯದರ ಬಳಿ ಇದೆ. ಒಂದಾದ ಮೇಲೆ ಒಂದು, ನಿಯಮದ ಪ್ರಕಾರ.

ನನ್ನನ್ನು ಕಾಲೇಜಿನವರು ಹಳೆಯದೆಂದು ತೆಗೆದುಹಾಕಿದರು. ನೀಲಾ ಕೇಳಿಕೊಂಡು ಹಿರೇಹೊಂಡದ ಅಂಗನವಾಡಿಗೆ ಕೊಡಿಸಿದಳು. ಬಿಳಿ ಮುಖ ಹಳದಿಯಾಗಿದೆ, ಸ್ಪ್ರಿಂಗ್ ತುಸು ಕಿರುಗುಟ್ಟುತ್ತದೆ. ಜಂಬ ಈಗಿಲ್ಲ. ನಿಜ ಹೇಳಲು ನಾನೊಬ್ಬನೇ ಸಾಲದು ಎಂದು ಗೊತ್ತಾಗಿದೆ. ಆ ಮೂರು ಲಾಳಗಳನ್ನು ಬಾಗಿಲ ಚೌಕಟ್ಟಿಗೆ ಹೊಡೆದಿದ್ದಾರೆ. ತೂಕ ಮುಗಿದ ಮೇಲೆ ಪ್ರತಿ ಮಗುವಿನ ಕೈಯನ್ನೂ ಫಕೀರವ್ವ ಅದಕ್ಕೆ ಮುಟ್ಟಿಸಿಯೇ ಒಳಗೆ ಕಳಿಸುತ್ತಾಳೆ. ಆದರೆ ಅದಕ್ಕೂ ಮೊದಲು ಖಾಲಿ ಜೋಲಿಯನ್ನು ನನಗೆ ಹಾಕಿ, ಅದರ ಅಂಚನ್ನು ಸುತ್ತಲೂ ಹಿಸುಕಿ ನೋಡುತ್ತಾಳೆ. ಒಂದು ತಿಂಗಳೂ ತಪ್ಪಿಸಿಲ್ಲ.

ಹೋದ ವಾರ ಹುಲಿಗೆವ್ವನ ಸರದಿ. ಈಗ ಹಾಲು, ಮೊಟ್ಟೆ ಸಿಗುತ್ತಿವೆ, ಕೆನ್ನೆ ಸ್ವಲ್ಪ ತುಂಬಿದೆ. ನನ್ನ ಮುಳ್ಳು ಹನ್ನೊಂದು ದಾಟಿ ಒಂದು ಗೆರೆ ಏರಿ ನಿಂತಿತು. ಟೀಚರಮ್ಮ ಪುಸ್ತಕ ನೋಡಿ ಫಕೀರವ್ವನ ಕಡೆ ನಕ್ಕರು.

“ಒಂದ ಗೆರಿ ಕಡಿಮಿ ನೋಡು. ಹನ್ನೊಂದು ಇನ್ನೂರು ಅಂತ ಬರದ್ರ ನಿನ್ನ ಮೊಮ್ಮಗಳು ಗಟ್ಟಿ ಮಕ್ಕಳ ಸಾಲಿಗೆ ಬರ್ತಾಳ. ಬರೀಲೇನು?”

ಫಕೀರವ್ವ ಮಗುವನ್ನು ಜೋಲಿಯಿಂದ ಎತ್ತಿ ಸೊಂಟಕ್ಕೇರಿಸಿಕೊಂಡಳು.

“ಬ್ಯಾಡ್ರಿ ಬಾಯಾರ. ಅದು ಎಷ್ಟು ಹೇಳೇತಿ ಅಷ್ಟ ಬರೀರಿ.”

ಹನ್ನೊಂದು ಕಿಲೊ ನೂರು ಗ್ರಾಂ. ಟೀಚರಮ್ಮ ಅಷ್ಟೇ ಬರೆದರು.